ಕೂಸಿಗೊಂದು ಕೌದಿ: ಬಟ್ಟೆ ಆರಿಸುವುದರಿಂದ ಕೊನೆಯ ಗಂಟಿನವರೆಗೆ

ಮೊದಲ ಸಲ ಕೌದಿ ಹೊಲಿಯಲು ಕೂತವರು ಹೆಚ್ಚಾಗಿ ಅದನ್ನು ದಪ್ಪ ಮಾಡಿಬಿಡುತ್ತಾರೆ. ಹಳೆ ಸೀರೆ ಹೇಗೂ ಬಿದ್ದಿವೆಯಲ್ಲ ಎಂದು ಏಳೆಂಟು ಪದರ ಸೇರಿಸುತ್ತಾರೆ. ಸೂಜಿ ದಾಟುವುದಿಲ್ಲ, ಬೆರಳು ತೂತಾಗುತ್ತದೆ, ಅರ್ಧ ಹೊಲಿದ ಕೌದಿ ಅಟ್ಟ ಸೇರುತ್ತದೆ. ಹಠ ಹಿಡಿದು ಮುಗಿಸಿದರೂ ಒಗೆಯುವ ದಿನ ಬರುತ್ತದೆ. ನೀರು ಕುಡಿದ ಕೌದಿ ಹಿಂಡಲು ಇಬ್ಬರು ಬೇಕು. ನಮ್ಮ ಓಣಿಯ ಅಜ್ಜಿಯೊಬ್ಬರು ಅಂಥದೊಂದನ್ನು ಎತ್ತಿ ನೋಡಿ, “ಅಲ್ಲವ್ವಾ, ಇದು ಕೌದಿನೋ ಗಾದಿನೋ? ಇದನ್ನ ಒಗೆಯೋರು ಯಾರು?” ಅಂದಿದ್ದರು. ದಾವಣಗೆರೆಯ ಚಳಿಗೆ ನಾಲ್ಕು ಪದರ ಸಾಕು. ಅದಕ್ಕಿಂತ ಹೆಚ್ಚು ಬೇಕೆನ್ನುವವರು ಚಳ್ಳಕೆರೆ ಕಡೆಯ ಕಂಬಳಿ ಕೊಳ್ಳುವುದು ಒಳ್ಳೆಯದು.

ಈ ಲೇಖನದಲ್ಲಿ ಹೇಳುತ್ತಿರುವುದು 30 ಇಂಚು ಅಗಲ, 40 ಇಂಚು ಉದ್ದದ ಕೂಸಿನ ಕೌದಿ. ಕಲಿಯುವವರಿಗೆ ಇದೇ ಸರಿಯಾದ ಅಳತೆ. ತೊಡೆಯ ಮೇಲೆ ಹರಡಿಕೊಂಡರೆ ಪೂರ್ತಿ ಕಣ್ಣೆದುರಿಗೆ ಇರುತ್ತದೆ, ಬೇಸರ ಬರುವ ಮೊದಲೇ ಮುಗಿಯುತ್ತದೆ. ಕುಬಸಕ್ಕೋ (ಸೀಮಂತಕ್ಕೋ) ತೊಟ್ಟಿಲು ಶಾಸ್ತ್ರಕ್ಕೋ ಕೊಡಲು ಇದಕ್ಕಿಂತ ಒಳ್ಳೆಯ ಉಡುಗೊರೆ ನನಗೆ ಗೊತ್ತಿಲ್ಲ. ಕುಲಾವಿ, ಕುಂಚಿಗೆ ಕೂಸು ಬೆಳೆದಂತೆ ಚಿಕ್ಕದಾಗುತ್ತವೆ. ಕೌದಿ ಮಾತ್ರ ಶಾಲೆಗೆ ಹೋಗುವ ವಯಸ್ಸಿನವರೆಗೂ ಕಾಲಡಿಗೋ ಮಂಡಿ ಮೇಲಕ್ಕೋ ಬರುತ್ತದೆ.

ಬಟ್ಟೆ

ಅರ್ಧ ಕೆಲಸ ಇಲ್ಲೇ ಇದೆ, ಆದ್ದರಿಂದ ಇಲ್ಲಿ ಆತುರ ಬೇಡ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು. ಆದರೂ ಇವತ್ತು ಬೀರು ತೆಗೆದರೆ ಹತ್ತಕ್ಕೆ ಆರೇಳು ಬಟ್ಟೆ ಪಾಲಿಯೆಸ್ಟರೇ. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಪದರಗಳ ನಡುವೆ ಜಾರುತ್ತದೆ. ಕೂಸಿನ ಕೌದಿಗಂತೂ ಬೇಡವೇ ಬೇಡ.

ಕಂಡುಹಿಡಿಯುವುದು ಸುಲಭ. ಬಟ್ಟೆಯ ಅಂಚಿನಿಂದ ಒಂದೆರಡು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಬೆಂಕಿಗೆ ಒಡ್ಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ, ಪ್ಲಾಸ್ಟಿಕ್ ವಾಸನೆ ಬರುತ್ತದೆ. ಎರಡೂ ಬೆರೆತ ಬಟ್ಟೆಯಲ್ಲಿ ಸ್ವಲ್ಪ ಬೂದಿ, ಸ್ವಲ್ಪ ಗಂಟು ಎರಡೂ ಕಾಣುತ್ತವೆ. ಬೆಂಕಿ ಹಚ್ಚುವ ಮನಸ್ಸಿಲ್ಲದಿದ್ದರೆ ಒಂದು ಹನಿ ನೀರು ಬಿಡಿ. ಹಳೆ ಹತ್ತಿ ಬಟ್ಟೆ ತಕ್ಷಣ ಕುಡಿಯುತ್ತದೆ.

ಒಳಪದರಕ್ಕೂ ತಳಕ್ಕೂ ಬೇಕಾದದ್ದು ಒಂದೇ ಒಂದು ಹಳೆ ಹತ್ತಿ ಸೀರೆ. ಸೀರೆ ಸಾಮಾನ್ಯವಾಗಿ ಐದೂವರೆ ಮೀಟರ್ ಉದ್ದ, 45 ಇಂಚು ಅಗಲ ಇರುತ್ತದೆ. ನಮಗೆ 34 ಇಂಚು ಅಗಲ, 44 ಇಂಚು ಉದ್ದದ ಮೂರು ತುಂಡು ಬೇಕು. ಅಂದರೆ ಸುಮಾರು ಮೂರೂವರೆ ಮೀಟರ್ ಸೀರೆಯಲ್ಲಿ ಕೆಲಸ ಮುಗಿಯುತ್ತದೆ, ಉಳಿದದ್ದು ತೇಪೆಗೆ. ಸೀರೆ ಎಲ್ಲ ಕಡೆ ಒಂದೇ ರೀತಿ ಸವೆದಿರುವುದಿಲ್ಲ. ಕೂತು ಏಳುವ ಭಾಗ ಮೊದಲು ಜಾಳಾಗುತ್ತದೆ. ಒಳಗೆ ಸಿಕ್ಕಿಸಿಕೊಳ್ಳುವ ತುದಿ, ಸೆರಗು ಗಟ್ಟಿ ಉಳಿದಿರುತ್ತವೆ. ಕಿಟಕಿಗೆ ಅಡ್ಡ ಹಿಡಿದು ನೋಡಿ. ಎರಡು ಹೆಬ್ಬೆರಳು ಒತ್ತಿಟ್ಟು ಎಳೆದಾಗ ಪರ್ ಅಂದರೆ ಆ ಭಾಗ ನಡುವಿನ ಪದರಕ್ಕೆ ಮಾತ್ರ. ಗಟ್ಟಿ ಭಾಗ ತಳಕ್ಕೆ.

ಮರೆಯದೇ ಮಾಡಬೇಕಾದ ಒಂದು ಕೆಲಸ: ಸೀರೆಯ ಫಾಲ್ ಬಿಚ್ಚಿ. ಅದು ಬೇರೆ ಬಟ್ಟೆ, ಒಗೆದಾಗ ಬೇರೆ ಅಳತೆಗೆ ಕುಗ್ಗಿ ಕೌದಿಯ ಒಂದು ಅಂಚನ್ನು ಸುಕ್ಕು ಹಿಡಿಸುತ್ತದೆ. ಜರಿ ಅಂಚಿದ್ದರೆ ಅದನ್ನೂ ಕತ್ತರಿಸಿ ತೆಗೆಯಿರಿ, ಕೂಸಿನ ಮೈಗೆ ಚುಚ್ಚುತ್ತದೆ.

ಮೇಲಿನ ತೇಪೆಗಳಿಗೆ ಎಂಟರಿಂದ ಹನ್ನೆರಡು ಬಗೆಯ ಬಟ್ಟೆ ಇದ್ದರೆ ಚಂದ. ಗಂಡಸರ ಹಳೆ ಹತ್ತಿ ಶರ್ಟು ಬಹಳ ಒಳ್ಳೆಯದು. ಕಾಲರು, ಕೈತುದಿ ಹರಿದಿದ್ದರೂ ಬೆನ್ನು ಹೊಸದರಂತೆಯೇ ಇರುತ್ತದೆ, ಅದೊಂದರಲ್ಲೇ ಹತ್ತು ಹನ್ನೆರಡು ತೇಪೆ ಬರುತ್ತವೆ. ಉಡಿ ತುಂಬಿದಾಗ ಬಂದ ಜಂಪರ್ ಪೀಸುಗಳು ಎಲ್ಲರ ಮನೆಯಲ್ಲೂ ಗಂಟುಗಟ್ಟಲೆ ಇರುತ್ತವೆ, ಅವಕ್ಕೆ ಇದಕ್ಕಿಂತ ಒಳ್ಳೆಯ ಗತಿ ಸಿಗಲಾರದು. ಅವುಗಳಲ್ಲಿ ಹತ್ತಿ ಎಷ್ಟು ಎಂಬುದನ್ನು ಮಾತ್ರ ಮೇಲೆ ಹೇಳಿದಂತೆ ಪರೀಕ್ಷಿಸಿ. ಇನ್ನೂ ಸಾಲದಿದ್ದರೆ ಪರಿಚಯದ ಟೈಲರ್ ಹತ್ತಿರ ಉಳಿಕೆ ತುಂಡು ಕೇಳಿ, ಸಂತೋಷದಿಂದ ಚೀಲ ತುಂಬಿ ಕೊಡುತ್ತಾರೆ. ಜೀನ್ಸ್ ಬೇಡ, ಸೂಜಿ ಹೋಗುವುದಿಲ್ಲ. ಟೀ ಶರ್ಟ್ ಬೇಡ, ಹಿಗ್ಗುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ತುಂಡು ಹಾಕಿದರೆ ನೋಡಲು ಸೊಗಸೇ, ಆದರೆ ವಾರಕ್ಕೆರಡು ಸಲ ಒಗೆಯುವ ಕೂಸಿನ ಕೌದಿ ಅದರ ಜಾಗವಲ್ಲ. ಮದುವೆಗೆ ಕೊಡುವ ದೊಡ್ಡ ಕೌದಿಗೆ ಇಟ್ಟುಕೊಳ್ಳಿ.

ಉಡುಗೊರೆ ಎಂದು ಚೌಕಿಪೇಟೆಗೆ ಹೋಗಿ ಹೊಸ ಬಟ್ಟೆ ಮೀಟರ್ ಲೆಕ್ಕದಲ್ಲಿ ಕೊಂಡು ತರುವವರಿದ್ದಾರೆ. ಕೊಳ್ಳಿ, ತಪ್ಪಿಲ್ಲ. ಆದರೆ ಹೊಸ ಬಟ್ಟೆ ಬಿರುಸು, ಗಂಜಿ ಹಾಕಿರುತ್ತದೆ, ಕುಗ್ಗುತ್ತದೆ. ಹತ್ತಾರು ವರ್ಷ ಒಗೆದ ಸೀರೆಯ ಮೆದು ಅದರಲ್ಲಿ ಬರುವುದೇ ಇಲ್ಲ. ನನ್ನ ಮಟ್ಟಿಗೆ ಕೌದಿಯ ಬೆಲೆ ಇರುವುದು ಬಟ್ಟೆ ಯಾರದು ಎಂಬುದರಲ್ಲಿ. ಕೂಸಿನ ತವರಜ್ಜಿಯ ಸೀರೆ, ಅಪ್ಪನ ಕಾಲೇಜಿನ ಶರ್ಟು, ಅತ್ತೆಯ ಲಂಗದ ಚೂರು ಹೀಗೆ ಎರಡೂ ಮನೆಯ ಬಟ್ಟೆ ಮೊದಲೇ ಕೇಳಿ ಇಸಿದುಕೊಳ್ಳಿ. ಕೇಳುವ ನೆಪದಲ್ಲಿ ಗುಟ್ಟು ಒಡೆಯುತ್ತದೆ ನಿಜ. ಒಡೆಯಲಿ. ತೀರಿಕೊಂಡವರ ಬಟ್ಟೆ ಸೇರಿಸುವ ಮೊದಲು ಮಾತ್ರ ಮನೆಯವರನ್ನು ಕೇಳಬೇಕು. ಕೆಲವರಿಗೆ ಅದು ಆಶೀರ್ವಾದ, ಕೆಲವರಿಗೆ ಮನಸ್ಸು ಒಪ್ಪುವುದಿಲ್ಲ.

ಎಲ್ಲವನ್ನೂ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ಕೆಂಪು, ಕಡುನೀಲಿ, ಕಪ್ಪು ಬಟ್ಟೆಗಳ ಮೇಲೆ ಒದ್ದೆ ಬಿಳಿ ಬಟ್ಟೆಯಿಟ್ಟು ಬಿಸಿ ಇಸ್ತ್ರಿ ಒತ್ತಿ ನೋಡಿ. ಬಿಳಿಗೆ ಬಣ್ಣ ಹತ್ತಿದರೆ ಇನ್ನೆರಡು ಸಲ ಒಗೆದು ಮತ್ತೆ ನೋಡಿ, ಆಗಲೂ ಹತ್ತಿದರೆ ಬಿಟ್ಟುಬಿಡಿ. ಉಪ್ಪು ನೀರಲ್ಲಿ ನೆನೆಸಿದರೆ ಎಲ್ಲ ಬಣ್ಣವೂ ನಿಲ್ಲುತ್ತದೆ ಎಂಬ ಮಾತನ್ನು ನಂಬಬೇಡಿ.

ಸಾಮಾನು

ಹೆಚ್ಚೇನಿಲ್ಲ. ಒಳ್ಳೆಯ ಕತ್ತರಿ, ಟೇಪು, ಟೈಲರ್ ಚಾಕ್, ಬೆರಳಿಗೆ ತೊಡುವ ಅಂಗುಸ್ತಾನ, ಒಂದು ಡಬ್ಬಿ ಸೇಫ್ಟಿ ಪಿನ್ನು. ಸೂಜಿ ಉದ್ದ ಕಣ್ಣಿನದಾಗಿರಲಿ, ಆದರೆ ದಬ್ಬಣ ಬೇಡ. ದಬ್ಬಣ ಗೋಣಿಚೀಲಕ್ಕೆ, ಹಳೆ ಸೀರೆಯಲ್ಲಿ ಅದು ತೂತು ಬಿಡುತ್ತದೆ. ದಾರ ಹತ್ತಿಯದೇ ಇರಬೇಕು. ನೈಲಾನ್ ದಾರ ಗಟ್ಟಿ ಎಂದು ಆಸೆಪಟ್ಟರೆ ಕಾಲಾಂತರದಲ್ಲಿ ಅದೇ ಮೆದು ಬಟ್ಟೆಯನ್ನು ಕೊಯ್ಯುತ್ತದೆ.

ದಾರದ ಲೆಕ್ಕ ಮೊದಲೇ ಹಾಕಿಕೊಳ್ಳಿ, ನಡುವೆ ಮುಗಿದರೆ ಅದೇ ಬಣ್ಣ ಮತ್ತೆ ಸಿಗುವ ಭರವಸೆ ಇಲ್ಲ. ಅರ್ಧ ಇಂಚಿಗೊಂದು ಸಾಲು ಹೊಲಿದರೆ ನಮ್ಮ ಕೌದಿಗೆ ಸಾಲುಗಳ ಒಟ್ಟು ಉದ್ದ ಸುಮಾರು 61 ಮೀಟರ್. ಗಂಟು, ಸುತ್ತಾಟ, ಪದರ ದಾಟುವುದು ಸೇರಿಸಿ 75 ಮೀಟರ್ ಇಟ್ಟುಕೊಳ್ಳಿ. ಮಿಷನ್ ದಾರವನ್ನು ಎರಡೆಳೆ ಮಾಡಿ ಹೊಲಿಯುವುದಾದರೆ 150 ಮೀಟರ್. ಆರೆಳೆಯ ಎಂಬ್ರಾಯ್ಡರಿ ದಾರ 8 ಮೀಟರಿನ ಲಡಿಯಾಗಿ ಬರುತ್ತದೆ. ಮೂರು ಮೂರು ಎಳೆ ಬಿಡಿಸಿಕೊಂಡರೆ ಐದು ಲಡಿ ಸಾಕು.

ತೇಪೆ ಕತ್ತರಿಸಿ ಜೋಡಿಸುವುದು

ಹಳೆ ಲಗ್ನಪತ್ರಿಕೆಯ ದಪ್ಪ ರಟ್ಟಿನಲ್ಲಿ 6 ಇಂಚಿನ ಚೌಕ ಕತ್ತರಿಸಿಕೊಳ್ಳಿ. ಮೂಲೆಗಳು ಸರಿಯಾಗಿ ಕಾಟಕೋನ ಇರಬೇಕು. ಇದನ್ನಿಟ್ಟು ಚಾಕ್‌ನಲ್ಲಿ ಗೆರೆ ಎಳೆದು 48 ತುಂಡು ಮಾಡಿ. ಚೌಕದ ಬದಿ ಬಟ್ಟೆಯ ನೇಯ್ಗೆ ಎಳೆಗೆ ಸಮನಾಗಿರಲಿ. ಓರೆ ಕತ್ತರಿಸಿದ ಬಟ್ಟೆ ಎಳೆದಂತೆ ಹಿಗ್ಗುತ್ತದೆ.

ಆರು ಸಾಲು ಅಡ್ಡ, ಎಂಟು ಸಾಲು ಉದ್ದ ನೆಲದ ಮೇಲೆ ಹರಡಿ. ಪಕ್ಕಪಕ್ಕ ಒಂದೇ ಬಟ್ಟೆ ಬಾರದಂತೆ, ಕಡುಬಣ್ಣ ಎಲ್ಲ ಒಂದೇ ಕಡೆ ಗುಂಪಾಗದಂತೆ ನೋಡಿಕೊಳ್ಳಿ. ಬಣ್ಣದ ಗದ್ದಲದಲ್ಲಿ ಇದು ತಿಳಿಯುವುದಿಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದು ಅದನ್ನು ಕಪ್ಪು ಬಿಳುಪು ಮಾಡಿ ನೋಡಿ, ಎಲ್ಲಿ ಭಾರವಾಗಿದೆ ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಒಪ್ಪಿಗೆಯಾದ ಮೇಲೆ ಪ್ರತಿ ಸಾಲಿಗೂ ಒಂದು ಚೀಟಿ ಚುಚ್ಚಿ.

ಈಗ ಹೊಲಿಗೆ. ಎರಡು ಚೌಕದ ಮುಖ ಒಳಗೆ ಮಾಡಿ, ಅಂಚಿನಿಂದ ಅರ್ಧ ಇಂಚು ಬಿಟ್ಟು ಹೊಲಿಯಿರಿ. ಮನೆಯಲ್ಲಿ ಮಿಷನ್ ಇದ್ದರೆ ಬಳಸಿ, ಯಾರೂ ನಕ್ಕುಬಿಡುವುದಿಲ್ಲ. ಮೊದಲ ಸಾಲಿನ ಜೋಡಣೆಗಳನ್ನು ಎಡಕ್ಕೆ, ಎರಡನೆಯದನ್ನು ಬಲಕ್ಕೆ ಇಸ್ತ್ರಿ ಮಾಡಿದರೆ ಸಾಲು ಸಾಲು ಸೇರಿಸುವಾಗ ಮೂಲೆ ಮೂಲೆಗೆ ಸರಿಯಾಗಿ ಕೂರುತ್ತದೆ, ಒಂದೇ ಜಾಗದಲ್ಲಿ ಗಂಟಾಗುವುದಿಲ್ಲ. ಮುಗಿದಾಗ ಮೇಲ್ಪದರ 31 ಇಂಚು ಅಗಲ, 41 ಇಂಚು ಉದ್ದ ಬರುತ್ತದೆ.

ಕೈಪಳಗಿದವರು ಹೀಗೆಲ್ಲ ಚೌಕ ಅಳೆಯುವುದಿಲ್ಲ. ಗೊಂದಲಿಗರ ಹೆಣ್ಣುಮಕ್ಕಳಾಗಲಿ, ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರಾಗಲಿ ಅಂಚಿನಿಂದ ಹೊಲಿಯುತ್ತಾ ಹೋದಂತೆ ಕೈಗೆ ಸಿಕ್ಕ ಚೂರಿನ ಬದಿ ಮಡಚಿ ಅಲ್ಲಲ್ಲೇ ಕೂರಿಸುತ್ತಾ, ಸುತ್ತು ಸುತ್ತಾಗಿ ನಡುವಿಗೆ ಬಂದು ಮುಗಿಸುತ್ತಾರೆ. ಬಣ್ಣದ ಲೆಕ್ಕ ಎಲ್ಲ ಕಣ್ಣಲ್ಲೇ. ಎರಡನೆಯ ಕೌದಿಗೆ ಆ ದಾರಿ ಹಿಡಿಯಿರಿ.

ಪದರ ಹಾಸುವುದು

ಕೌದಿ ಸುಕ್ಕಾಗುವುದು, ಬೆನ್ನಿಗೆ ಗುಳ್ಳೆ ಏಳುವುದು, ಒಂದು ಮೂಲೆ ಉದ್ದವಾಗುವುದು, ಇವೆಲ್ಲಕ್ಕೂ ಕಾರಣ ಇಲ್ಲಿ ಅವಸರ ಮಾಡಿದ್ದು. ಮನೆಯಲ್ಲಿ ಗದ್ದಲ ಇಲ್ಲದ ಹೊತ್ತು ನೋಡಿಕೊಳ್ಳಿ. ನೆಲ ಒರೆಸಿ ಒಣಗಿಸಿ. ಫ್ಯಾನ್ ಆರಿಸಿ.

ತಳದ ತುಂಡನ್ನು ಮುಖ ಕೆಳಗಾಗಿ ಹಾಸಿ, ನಾಲ್ಕೂ ಬದಿಗೆ ಅಂಟುಪಟ್ಟಿ ಹಚ್ಚಿ ನೆಲಕ್ಕೆ ಹಿಡಿಸಿ. ಎಳೆದು ಬಿಗಿ ಮಾಡಬೇಡಿ, ಸುಕ್ಕಿಲ್ಲದೆ ಮಲಗಿದ್ದರೆ ಸಾಕು. ಎಳೆದು ಹಚ್ಚಿದ ಬಟ್ಟೆ ಪಟ್ಟಿ ತೆಗೆದ ಕೂಡಲೇ ಹಿಂದಕ್ಕೆ ಸರಿದು ಮೇಲಿನದನ್ನು ಸುಕ್ಕು ಮಾಡುತ್ತದೆ. ಅದರ ಮೇಲೆ ನಡುವಿನ ಎರಡು ಪದರ, ಒಂದೊಂದಾಗಿ. ಪ್ರತಿ ಪದರವನ್ನೂ ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ. ಕೊನೆಗೆ ತೇಪೆಯ ಮೇಲ್ಪದರ, ಸುತ್ತಲೂ ಒಂದೂವರೆ ಇಂಚು ತಳ ಕಾಣುವಂತೆ ನಡುಮಧ್ಯೆ. ನಡುವಿನ ಎರಡು ಪದರಗಳನ್ನು ಮೇಲ್ಪದರದ ಅಳತೆಗೇ ಕತ್ತರಿಸಿ. ತಳವನ್ನು ಮುಟ್ಟಬೇಡಿ, ಆ ಒಂದೂವರೆ ಇಂಚು ಅಂಚಿಗೆ ಬೇಕು.

ನಾಲ್ಕೂ ಪದರ ಸೇರಿಸಿ ಅಂಗೈ ಅಗಲಕ್ಕೊಂದು ಸೇಫ್ಟಿ ಪಿನ್ನು ಹಾಕಿ, ನಡುವಿನಿಂದ ಶುರು ಮಾಡಿ. ಆಮೇಲೆ ಕಚ್ಚಾ ಹೊಲಿಗೆ. ಬೇರೆ ಬಣ್ಣದ ಅಗ್ಗದ ದಾರದಲ್ಲಿ ಎರಡು ಇಂಚಿನ ದೊಡ್ಡ ದೊಡ್ಡ ಹೊಲಿಗೆ, ಐದು ಇಂಚಿಗೊಂದು ಸಾಲು, ಉದ್ದಕ್ಕೂ ಅಡ್ಡಕ್ಕೂ. ಪಿನ್ನು ಹಾಕಿದ್ದೇವಲ್ಲ, ಕಚ್ಚಾ ಯಾಕೆ ಎಂದು ಕೇಳುತ್ತಾರೆ. ಪಿನ್ನು ದಾರಕ್ಕೆ ಸಿಕ್ಕಿಕೊಳ್ಳುತ್ತದೆ, ಬೆರಳಿಗೆ ಚುಚ್ಚುತ್ತದೆ, ಎರಡು ಪಿನ್ನಿನ ನಡುವೆ ಬಟ್ಟೆ ಹರಿದಾಡುತ್ತದೆ. ಕಚ್ಚಾ ಮುಗಿದ ಮೇಲೆ ಎಲ್ಲ ಪಿನ್ನು ತೆಗೆದು, ಎಣಿಸಿ ಡಬ್ಬಿಗೆ ಹಾಕಿ. ಕೂಸಿನ ಸಾಮಾನು, ಎಣಿಕೆ ತಪ್ಪಬಾರದು.

ಅಂಚು

ತಳದ ಹೆಚ್ಚುವರಿ ಬಟ್ಟೆಯನ್ನು ಅರ್ಧಕ್ಕೆ, ಅಂದರೆ ಮುಕ್ಕಾಲು ಇಂಚು ಒಳಗೆ ಮಡಚಿ. ಮತ್ತೊಮ್ಮೆ ಮಡಚಿ ಮೇಲ್ಪದರದ ಮೇಲೆ ತಂದರೆ ಮುಕ್ಕಾಲು ಇಂಚಿನ ಚೊಕ್ಕ ಪಟ್ಟಿ ಬರುತ್ತದೆ, ಬಿಡಿ ಎಳೆ ಎಲ್ಲ ಒಳಗೆ ಹೋಗುತ್ತವೆ. ಮೂಲೆಗೆ ಬಂದಾಗ ಮೊದಲು ತಳದ ತುದಿಯನ್ನು ಓರೆಯಾಗಿ ಮೇಲ್ಪದರದ ಮೂಲೆಯ ಮೇಲೆ ಮಡಚಿ, ಆಮೇಲೆ ಎರಡೂ ಬದಿ ಮಡಚಿ. ಆಗ ಮೂಲೆಯಲ್ಲಿ ಎರಡು ಪಟ್ಟಿ ಓರೆ ಗೆರೆಯಲ್ಲಿ ಕೂಡುತ್ತವೆ, ದಪ್ಪವೂ ಆಗುವುದಿಲ್ಲ. ಚಿಕ್ಕ ಚಿಕ್ಕ ಹೊಲಿಗೆಯಲ್ಲಿ ಸುತ್ತಲೂ ಹಿಡಿಸಿ. ಸಿದ್ದಿಯರ ಕೌದಿಯ ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಚಿದ ಬಟ್ಟೆಯ ಹೂವು ಇರುತ್ತದೆ. ಜಂಪರ್ ಪೀಸಿನ ಚೂರು ಉಳಿದಿದ್ದರೆ ನೀವೂ ಹಾಕಬಹುದು, ಆದರೆ ಬಿಗಿಯಾಗಿ ಹೊಲಿಯಿರಿ, ಕೂಸು ಮೊದಲು ಬಾಯಿಗೆ ಹಾಕುವುದು ಅದನ್ನೇ.

ಕೌದಿ ಹೊಲಿಗೆ

ದಾರ ಮೊಳಕ್ಕಿಂತ ತುಸು ಹೆಚ್ಚು ಸಾಕು. ಉದ್ದ ಹಾಕಿದರೆ ಗಂಟಾಗುತ್ತದೆ, ನಾಲ್ಕು ಪದರದಲ್ಲಿ ಮತ್ತೆ ಮತ್ತೆ ಹಾದು ಹಿಂಜಿಹೋಗುತ್ತದೆ. ಮೇಣದಬತ್ತಿಗೆ ಒಮ್ಮೆ ಎಳೆದುಕೊಂಡರೆ ಸರಾಗ. ತುದಿಗೆ ಸಣ್ಣ ಗಂಟು ಹಾಕಿ, ಶುರುವಾಗುವ ಜಾಗಕ್ಕೆ ಒಂದಿಂಚು ಆಚೆಯಿಂದ ಮೇಲ್ಪದರಕ್ಕೆ ಮಾತ್ರ ಸೂಜಿ ತೂರಿಸಿ, ಸಾಲಿನ ಮೇಲೆ ಹೊರತೆಗೆದು ಮೆಲ್ಲಗೆ ಜಗ್ಗಿ. ಟಕ್ ಎಂದು ಗಂಟು ಒಳಗೆ ಹೋಗಿ ಪದರದ ನಡುವೆ ನಿಲ್ಲುತ್ತದೆ. ಎರಡೂ ಮುಖದಲ್ಲಿ ಗಂಟು ಕಾಣುವುದಿಲ್ಲ.

ಎಡಗೈ ಕೌದಿಯ ಕೆಳಗಿರಬೇಕು, ಕೆಲಸ ನಡೆಸುವುದು ಆ ಕೈಯೇ. ಬಲಗೈ ಸೂಜಿಯನ್ನು ನೆಟ್ಟಗೆ ಕೆಳಕ್ಕೆ ಒತ್ತುತ್ತದೆ. ತುದಿ ಎಡಗೈ ಬೆರಳಿಗೆ ಸ್ವಲ್ಪ ತಾಕಿದ ಕೂಡಲೇ ಆ ಬೆರಳು ಬಟ್ಟೆಯನ್ನು ಮೇಲಕ್ಕೆ ನೂಕುತ್ತದೆ, ಸೂಜಿಯ ಹಿಂಭಾಗ ಕೆಳಗೆ ಬಾಗುತ್ತದೆ, ತುದಿ ಮೇಲೆ ಬರುತ್ತದೆ. ಹೀಗೆ ಮೂರು ನಾಲ್ಕು ಹೊಲಿಗೆ ಸೂಜಿಯ ಮೇಲೆ ಪೋಣಿಸಿಕೊಂಡು ಅಂಗುಸ್ತಾನದಿಂದ ನೂಕಿ ಒಮ್ಮೆಗೇ ಎಳೆಯಿರಿ. ತಾಕಲಿಲ್ಲ ಎಂದರೆ ತಳದ ಪದರ ಸಿಕ್ಕಿಲ್ಲ ಎಂದರ್ಥ. ಮೊದಲ ದಿನ ಹೊಲಿಗೆ ಉದ್ದಗಿಡ್ಡ ಬರುತ್ತವೆ. ಉದ್ದವಾದರೂ ಚಿಂತೆಯಿಲ್ಲ, ಒಂದೇ ಅಳತೆಯಲ್ಲಿರಲಿ.

ದಾರವನ್ನು ಬಿಗಿದು ಎಳೆಯುವ ಚಪಲ ಎಲ್ಲರಿಗೂ ಇರುತ್ತದೆ. ಪ್ರತಿ ಸಾಲು ಮುಗಿದ ಮೇಲೆ ಆ ಸಾಲನ್ನು ಎರಡೂ ತುದಿ ಹಿಡಿದು ಸ್ವಲ್ಪ ಹಿಗ್ಗಿಸಿ. ದಾರ ಬಟ್ಟೆಯ ಜೊತೆ ಹಿಗ್ಗಬೇಕು. ಹಿಗ್ಗದಿದ್ದರೆ ಒಗೆತದಲ್ಲಿ ಹರಿಯುತ್ತದೆ.

ಸಾಲು ಎಲ್ಲಿಂದ ಶುರು ಮಾಡಬೇಕು? ರೂಢಿಯ ಕೌದಿ ಅಂಚಿನಿಂದ ಒಳಕ್ಕೆ ಸುತ್ತುತ್ತದೆ. ಕಲಿಯುವ ಕೈಗೆ ಅದು ಕಷ್ಟ, ಎಲ್ಲ ಸುಕ್ಕೂ ನಡುವಿಗೆ ಬಂದು ಸೇರಿ ಗುಳ್ಳೆಯಾಗುತ್ತದೆ. ಮೊದಲ ಕೌದಿಯಲ್ಲಿ ನಟ್ಟನಡುವೆ ಉದ್ದಕ್ಕೆ ಒಂದು ಸಾಲು ಹೊಲಿದು, ಅಲ್ಲಿಂದ ಎಡಕ್ಕೆ ಒಂದು, ಬಲಕ್ಕೆ ಒಂದು ಎಂದು ಹೊರಕ್ಕೆ ಹೋಗಿ. ಸುಕ್ಕು ಹೊರಗೆ ಹೋಗಿ ಮಾಯವಾಗುತ್ತದೆ. ಸಾಲುಗಳ ನಡುವೆ ಅರ್ಧ ಇಂಚು. ಚಾಕ್ ಗೆರೆ ಎಳೆದುಕೊಂಡರೆ ನಾಚಿಕೆಯಿಲ್ಲ. ದಾಟಿಹೋದ ಕಚ್ಚಾ ಹೊಲಿಗೆಯನ್ನು ಅಲ್ಲಲ್ಲೇ ಕಿತ್ತುಹಾಕಿ.

ದಾರ ಮುಗಿಯುವಾಗ ಎರಡು ಹಿಂಹೊಲಿಗೆ ಹಾಕಿ, ಸೂಜಿಯನ್ನು ಪದರದ ಒಳಗೇ ಒಂದಿಂಚು ಓಡಿಸಿ ಹೊರತೆಗೆದು ಬುಡಕ್ಕೆ ಕತ್ತರಿಸಿ.

ಕೊನೆಯಲ್ಲಿ ಒಂದು ಚೂರು ರೊಟ್ಟಿ ಇಟ್ಟು ಮುಚ್ಚಿ ಹೊಲಿಯುವ ರೂಢಿ ಕೆಲವು ಕಡೆ ಇದೆ, ಕೌದಿ ಹಸಿದಿರಬಾರದು ಎಂದು. ನಂಬಿಕೆ ಚಂದದ್ದು. ಇರುವೆ ಬರುತ್ತದೆ, ಅದಕ್ಕೇ ನಾನು ಇಡುವುದಿಲ್ಲ. ಅದರ ಬದಲು ಹಿಂಬದಿಯ ಮೂಲೆಯಲ್ಲಿ ಕೂಸಿನ ಹೆಸರಿನ ಮೊದಲ ಅಕ್ಷರ, ಇಸವಿ ದಾರದಲ್ಲಿ ಬರೆಯುತ್ತೇನೆ. ಕುಬಸಕ್ಕೇ ಕೊಡುವುದಾದರೆ ಅಮ್ಮನ ಹೆಸರು.

ಕೊಡುವ ಮೊದಲು

ತಣ್ಣೀರಿನಲ್ಲಿ, ಮೆದು ಸೋಪಿನಲ್ಲಿ ಒಮ್ಮೆ ಒಗೆಯಿರಿ. ಚಾಕ್ ಹೋಗುತ್ತದೆ, ಬಟ್ಟೆ ಸ್ವಲ್ಪ ಕುಗ್ಗಿ ಸಾಲುಗಳ ನಡುವೆ ಸಣ್ಣ ಉಬ್ಬು ಬರುತ್ತದೆ. ತಿರುಚಿ ಹಿಂಡಬೇಡಿ, ಒತ್ತಿ ನೀರು ತೆಗೆದು ಮಾಳಿಗೆಯ ಗೋಡೆ ಮೇಲೆ ಹರಡಿ. ಹಗ್ಗಕ್ಕೆ ಹಾಕುವುದಾದರೆ ಎರಡು ಹಗ್ಗದ ಮೇಲೆ, ಭಾರ ಹಂಚಿಹೋಗಲಿ. ಒಣಗಿದ ಮೇಲೆ ಎರಡೂ ಮುಖವನ್ನು ಅಂಗೈಯಿಂದ ಸವರಿ, ಪಿನ್ನು ಸೂಜಿ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಎತ್ತಿಡುವಾಗ ಬೇವಿನ ಎಲೆ ಹಾಕಿ. ಡಾಂಬರ್ ಗುಳಿಗೆ ಬೇಡ, ಅದರ ಹೊಗೆ ಕೆಲವು ಎಳೆಕೂಸುಗಳ ರಕ್ತಕ್ಕೆ ತೊಂದರೆ ಕೊಡುತ್ತದೆ. ಗುಂಡಿ, ಕನ್ನಡಿ, ಗೆಜ್ಜೆ ಹೊಲಿಯಬೇಡಿ. ಕೊಡುವಾಗ ಒಂದು ಮಾತು ಹೇಳಿ: ವರ್ಷ ತುಂಬುವವರೆಗೆ ಮಲಗಿದ ಕೂಸಿಗೆ ಇದನ್ನು ಹೊದಿಸುವುದು ಬೇಡ, ಮುಖದ ಮೇಲೆ ಎಳೆದುಕೊಂಡರೆ ಉಸಿರು ಕಟ್ಟುತ್ತದೆ. ಎಚ್ಚರವಿದ್ದಾಗ ನೆಲಕ್ಕೆ ಹಾಸಿ ಆಡಲು ಬಿಡಲಿ.

ಇದು ಕೈಗೆ ಹತ್ತಿದ ಮೇಲೆ ದೊಡ್ಡವರ ಕೌದಿಗೆ ಹೋಗಬಹುದು. ಒಂದು ಸೀರೆಯನ್ನು ಮೂರು ಮಡಿಕೆ ಮಾಡಿದರೆ ಆರಡಿ ಉದ್ದ, ನಾಲ್ಕಡಿಗೆ ಮೂರಿಂಚು ಕಡಿಮೆ ಅಗಲದ ಮೂರು ಪದರ ಕತ್ತರಿ ಮುಟ್ಟಿಸದೇ ಸಿಗುತ್ತದೆ. ಒಬ್ಬರಿಗೆ ಅಷ್ಟು ಸಾಕು. ಐದಡಿ ಅಗಲ ಏಳಡಿ ಉದ್ದ ಬೇಕಾದರೆ ಎರಡು ಸೀರೆಯನ್ನು ಏಳೇಳು ಅಡಿಗೆ ಕತ್ತರಿಸಿ ಅಕ್ಕಪಕ್ಕ ಜೋಡಿಸಿ, ಮೂರು ಪದರಕ್ಕೆ ಸರಿಹೋಗುತ್ತದೆ. ಜೋಡಣೆಯ ಗೆರೆ ಮೂರೂ ಪದರದಲ್ಲಿ ಒಂದೇ ಜಾಗಕ್ಕೆ ಬರದಂತೆ ನೋಡಿಕೊಳ್ಳಿ, ಬಂದರೆ ಮಲಗಿದವರ ಬೆನ್ನಿಗೆ ಒತ್ತುತ್ತದೆ.

ಕೊಟ್ಟ ಮನೆಯಲ್ಲಿ ಅದನ್ನು ನೋಡಿದವರು ಯಾರೋ ಒಬ್ಬರು “ನಮಗೂ ಒಂದು ಮಾಡಿಕೊಡ್ತೀರಾ, ಎಷ್ಟಾಗುತ್ತೆ?” ಎಂದು ಕೇಳೇ ಕೇಳುತ್ತಾರೆ. ಬೆಲೆ ಹೇಳುವ ಬದಲು ಅವರ ಮನೆಯ ಹಳೆ ಸೀರೆ ತರಲು ಹೇಳಿ. ತಂದವರಿಗೆ ಹೊಲಿದುಕೊಡಬೇಕೋ, ಎದುರಿಗೆ ಕೂರಿಸಿಕೊಂಡು ಕಲಿಸಬೇಕೋ ಆಮೇಲೆ ನೋಡಿದರಾಯಿತು.